ನಂಬರ್ ಒನ್ ಅಂತ ಬರೆಯುವಾಗ ಎಣಿಸಿದವರು ಯಾರು ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯ ಒಂದೇ ಪುಟದಲ್ಲಿ ಎರಡು ಸುದ್ದಿ ಇದ್ದವು. ಮೇಲೆ ‘ಈ ವಾರದ ನಂಬರ್ ಒನ್ ಹಾಡು’. ಕೆಳಗೆ ಒಂದು ಹೊಸ ಕಾರಿಗೆ ‘ವರ್ಷದ ಕಾರು’ ಪ್ರಶಸ್ತಿ. ಎರಡನ್ನೂ ಪೂರ್ತಿ ಓದಿದೆ. ಹಾಡನ್ನು ಯಾರು ಎಣಿಸಿದರು, ಎಲ್ಲಿ ಎಣಿಸಿದರು? ಕಾರಿಗೆ ಅಂಕ ಕೊಟ್ಟವರು ಯಾರು, ಆ ಸಮಾರಂಭದ ಖರ್ಚು ಯಾರದ್ದು? ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಆಮೇಲೆ ಸಿ.ಡಿ. ಬಂತು, ಅದೂ ಹೋಯಿತು. ಈಗ ಅದೇ ಜಾಗದಲ್ಲಿ ಮಗ ಮೊಬೈಲ್ ಕವರ್, ಚಾರ್ಜರ್ ಮಾರುತ್ತಾನೆ. ನಂಬರ್ ಒನ್ ಹೇಗೆ ತಯಾರಾಗುತ್ತದೆ ಅಂತ ಗಲ್ಲಾದ ಹಿಂದೆ ಕೂತು ನೋಡಿದವನು ನಾನು. ಕ್ಯಾಸೆಟ್ ಕಂಪನಿಗಳ ಹುಡುಗರು ಹುಬ್ಬಳ್ಳಿಯಿಂದ, ಹೈದರಾಬಾದಿನಿಂದ ಬರುತ್ತಿದ್ದರು. ಕೈಯಲ್ಲಿ ಒಂದು ಹಾಳೆ. “ಯಾವ್ದು ಜಾಸ್ತಿ ಹೊಂಟದ್ರೀ ಸಾವ್ಕಾರ್?” ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಬಿಲ್ ಪುಸ್ತಕ ತೆಗೆದು ಮುಂದಿಟ್ಟರೆ ತಿರುಗಿಯೂ ನೋಡುತ್ತಿರಲಿಲ್ಲ. ಬಾಯಿಮಾತೇ ಲೆಕ್ಕ. ಅವರಲ್ಲೊಬ್ಬ, ತನ್ನ ಕಂಪನಿಯ ಹೊಸ ಕ್ಯಾಸೆಟ್ಟನ್ನು ಮೊದಲ ಸ್ಥಾನಕ್ಕೆ ಹೇಳಿದರೆ ಒಂದು ಡಬ್ಬಿ ಮಾಲು ಪುಕ್ಕಟೆ ಕೊಡುತ್ತೇನೆ ಅಂದ. ನಾನು ಆಗೋದಿಲ್ಲ ಅಂದೆ. ಆ ಕ್ಯಾಸೆಟ್ಟು ನಮ್ಮ ಕಪಾಟಿನಲ್ಲಿ ಸುಮ್ನೆ ಧೂಳು ತಿನ್ನುತ್ತಿತ್ತು. ಆದರೂ ಮುಂದೆ ಬಂದ ಪೋಸ್ಟರಿನಲ್ಲಿ ಅದು ‘ಕರ್ನಾಟಕದ ನಂಬರ್ ಒನ್’ ಆಗಿತ್ತು. ಕರ್ನಾಟಕದಲ್ಲಿ ಎಷ್ಟು ಅಂಗಡಿ ಕೇಳಿದರು, ಎಷ್ಟು ಅಂಗಡಿಯವರು ಡಬ್ಬಿ ಇಳಿಸಿಕೊಂಡರು, ಯಾರಿಗೂ ಹೇಳಲಿಲ್ಲ.

ಪಟ್ಟಿ ಮಾಡುವುದೇ ತಪ್ಪು ಅಂತ ನನ್ನ ಮಾತಲ್ಲ. ನಾನು ಪಟ್ಟಿ ಕೇಳುತ್ತಲೇ ಬೆಳೆದವನು. ನಮ್ಮ ಭಾಗದಲ್ಲಿ ಕನ್ನಡದ ಜೊತೆಗೆ ಉರ್ದು, ಹಿಂದಿ ಎಲ್ಲ ಮನೆಮಾತೇ. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೊ ಸಿಲೋನ್‌ನಲ್ಲಿ ಬಿನಾಕಾ ಗೀತಮಾಲಾ ಅಂದರೆ ಓಣಿ ಓಣಿಯೇ ಕಿವಿಯಾಗುತ್ತಿತ್ತು. ಅದು ಶುರುವಾಗಿದ್ದು 1952ರ ಡಿಸೆಂಬರ್ 3ಕ್ಕೆ. ಅದೇ ವರ್ಷ ಮಂತ್ರಿ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿ ಸಿನಿಮಾ ಹಾಡಿಗೆ ಬಾಗಿಲು ಹಾಕಿತ್ತು. ಹಾಗಾಗಿ ಜನ ಸಮುದ್ರದಾಚೆಯ ಸ್ಟೇಷನ್ ಹಿಡಿದರು. ಅದನ್ನು ನಡೆಸಿಕೊಡುತ್ತಿದ್ದ ಅಮೀನ್ ಸಯಾನಿ ಅವರ ದನಿ ಕೇಳಿದ್ದವರು ಮರೆಯಲಾರರು. ಹಾಡಿನ ಸ್ಥಾನಕ್ಕೆ ಅವರು ‘ಪಾಯದಾನ್’ ಅಂತಿದ್ದರು, ಅಂದರೆ ಮೆಟ್ಟಿಲು. ಮೆಟ್ಟಿಲ ಲೆಕ್ಕ ಹೇಗೆ? ರೆಕಾರ್ಡ್ ಅಂಗಡಿಗಳ ಮಾರಾಟದ ವರದಿ ಒಂದು, ಊರೂರಿನ ಶ್ರೋತೃ ಸಂಘಗಳ ಅಭಿಪ್ರಾಯ ಇನ್ನೊಂದು. ಎರಡನ್ನೂ ಕೂಡಿಸುತ್ತಿದ್ದರು. ಅದೂ ಪೂರ್ತಿ ನಿಖರ ಅಂತ ಯಾರೂ ಹೇಳಲಾರರು. ಆದರೆ ದುಡ್ಡು ಯಾರದು ಅನ್ನುವುದು ಮಾತ್ರ ಗುಟ್ಟಾಗಿರಲಿಲ್ಲ. ಟೂತ್‌ಪೇಸ್ಟಿನ ಹೆಸರು ಕಾರ್ಯಕ್ರಮದ ಹೆಸರಲ್ಲೇ ಇತ್ತು.

ಅದಕ್ಕೆ ಮೂರು ವಾರವೂ ಮುಂಚೆ ಅಲ್ಲ, 1952ರ ನವೆಂಬರ್ 14ಕ್ಕೆ, ಇಂಗ್ಲೆಂಡಿನ ಒಂದು ಸಂಗೀತ ಪತ್ರಿಕೆ ಅಲ್ಲಿನ ಮೊದಲ ಮಾರಾಟದ ಪಟ್ಟಿ ಅಚ್ಚು ಹಾಕಿತ್ತು. ಪರ್ಸಿ ಡಿಕಿನ್ಸ್ ಎಂಬುವರು ಸುಮಾರು ಇಪ್ಪತ್ತು ಅಂಗಡಿಗೆ ಫೋನ್ ಮಾಡಿ, ಕೇಳಿ, ಕೂಡಿಸಿ ಮಾಡಿದ್ದು. ದೇಶದ ನಂಬರ್ ಒನ್ ಅಂದರೆ ಇಪ್ಪತ್ತು ಅಂಗಡಿಯವರ ಮಾತು. ನಮ್ಮ ಸೂಪರ್ ಮಾರ್ಕೆಟ್‌ಗೆ ಬರುತ್ತಿದ್ದ ಹುಡುಗನ ಹಾಳೆಗೂ ಇದಕ್ಕೂ ದೂರ ಏನಿಲ್ಲ.

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಅಮೆರಿಕದಲ್ಲಿ 1991ರಲ್ಲಿ ಆದದ್ದು. ಅಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯೇ ಪಟ್ಟಿ. ಅದರ ಹಾಡುಗಳ ಪಟ್ಟಿ ‘ಹಾಟ್ 100’ 1958ರಿಂದ ಇದೆ. 1991ರ ತನಕ ಅಲ್ಲೂ ಅಂಗಡಿಯವರು ಹೇಳಿದ್ದೇ ಮಾರಾಟ. ಆ ವರ್ಷ ಸೌಂಡ್‌ಸ್ಕ್ಯಾನ್ ಅಂತ ಒಂದು ವ್ಯವಸ್ಥೆ ಬಂತು. ಗಲ್ಲಾದಲ್ಲಿ ಬಾರ್‌ಕೋಡ್ ಸ್ಕ್ಯಾನ್ ಆದರೆ ಮಾತ್ರ ಲೆಕ್ಕ. ಏನಾಯಿತು ನೋಡಿ. ಹಳ್ಳಿಗಾಡಿನವರ ಕಂಟ್ರಿ ಹಾಡುಗಳು, ಕಪ್ಪು ಜನರ ರ‍್ಯಾಪ್ ಆಲ್ಬಂಗಳು ದಿಢೀರನೆ ಮೇಲೆ ಬಂದವು. ಜೂನ್‌ನಲ್ಲಿ ಒಂದು ರ‍್ಯಾಪ್ ಗುಂಪಿನ ಆಲ್ಬಂ ಮೊದಲ ಸ್ಥಾನಕ್ಕೆ ಏರಿತು. ಸೆಪ್ಟೆಂಬರ್‌ನಲ್ಲಿ ಕಂಟ್ರಿ ಗಾಯಕ ಗಾರ್ತ್ ಬ್ರೂಕ್ಸ್ ಅವರ ಆಲ್ಬಂ ಬಂದ ವಾರವೇ ಮೊದಲ ಸ್ಥಾನದಲ್ಲಿ ಕೂತಿತು. ಆ ಕೆಲವು ತಿಂಗಳಲ್ಲಿ ಜನರ ರುಚಿ ಬದಲಾಗಿರಲಿಲ್ಲ. ಅವರು ಮುಂಚೆಯಿಂದಲೂ ಅದನ್ನೇ ಕೊಳ್ಳುತ್ತಿದ್ದರು. ಬರೆದುಕೊಳ್ಳುವವರ ಹಾಳೆಗೆ ಅದು ಬರುತ್ತಿರಲಿಲ್ಲ, ಅಷ್ಟೇ.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ಜನಪದ ಕ್ಯಾಸೆಟ್ಟುಗಳು. ನನ್ನ ಅಂಗಡಿಯಲ್ಲಿ ಸಿನಿಮಾ ಹಾಡಿಗೆ ಎದುರಿನ ಕಪಾಟು, ಜನಪದಕ್ಕೆ ಮೂಲೆ. ಆದರೆ ಶರಣಬಸವೇಶ್ವರ ಜಾತ್ರೆ ಬಂತೆಂದರೆ ಮೂಲೆ ಮೊದಲು ಖಾಲಿ ಆಗುತ್ತಿತ್ತು. ಜೇವರ್ಗಿ, ಚಿತ್ತಾಪುರ, ಆಳಂದ, ಶಹಾಪುರ ಕಡೆಯವರು ಬಂದು ಭಜನೆ ಪದ, ಡೊಳ್ಳಿನ ಪದ, ಮೊಹರಂ ಪದ ಕೇಳಿ ಒಯ್ಯುತ್ತಿದ್ದರು. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡಿದ ಕ್ಯಾಸೆಟ್ಟು ನನ್ನಲ್ಲಿ ಯಾವತ್ತೂ ಉಳಿದದ್ದಿಲ್ಲ. ಕಂಪನಿ ಹುಡುಗರ ಹಾಳೆಯಲ್ಲಿ ಇವುಗಳಿಗೆ ಸಾಲೇ ಇರಲಿಲ್ಲ. ಸಣ್ಣ ಸ್ಟುಡಿಯೋದವರು ಮಾಡಿದ್ದು, ಅವರ ಪರವಾಗಿ ಕೇಳಲು ಯಾರೂ ಬರುತ್ತಿರಲಿಲ್ಲ. ಈಗಲೂ ಹಾಗೇ ಇದೆ. ಟ್ರ್ಯಾಕ್ಟರಿನಲ್ಲಿ, ಮದುವೆ ಮೆರವಣಿಗೆಯ ಡಿಜೆಯಲ್ಲಿ, ತೊಗರಿ ರಾಶಿ ಮಾಡುವ ಹೊಲದಲ್ಲಿ ಉತ್ತರ ಕರ್ನಾಟಕದ ಜನಪದ ಹಾಡೇ ಹಾಡು. ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ, ಮೆಮೊರಿ ಕಾರ್ಡ್‌ನಿಂದ ಮೆಮೊರಿ ಕಾರ್ಡ್‌ಗೆ ಹೋಗುತ್ತದೆ. ಅದನ್ನು ಯಾವ ಆ್ಯಪೂ ಎಣಿಸುವುದಿಲ್ಲ. ರಾತ್ರಿಯಿಡೀ ನಡೆಯುವ ಭಜನೆಯನ್ನಂತೂ ಎಣಿಸುವ ಮಾತೇ ಇಲ್ಲ. ಅದಕ್ಕೆ ನಂಬರ್ ಬೇಕಾಗಿಯೂ ಇಲ್ಲ. ಆದರೆ ನೀವು ‘ಕನ್ನಡಿಗರು ಅತಿ ಹೆಚ್ಚು ಕೇಳಿದ ಹತ್ತು ಹಾಡು’ ಅಂತ ತಲೆಬರಹ ಕೊಟ್ಟಾಗ, ಆ ಕನ್ನಡಿಗರಲ್ಲಿ ಕಲಬುರಗಿ, ಯಾದಗಿರಿ, ಬೀದರ್ ಈ ನಮ್ಮ ಮೂರು ಜಿಲ್ಲೆಯ ಜನ ಇರುವುದಿಲ್ಲ. ‘ಇಂಥ ಆ್ಯಪಿನಲ್ಲಿ ಅತಿ ಹೆಚ್ಚು ಕೇಳಿದ ಹತ್ತು ಹಾಡು’ ಅಂತ ಬರೆಯಿರಿ, ನನ್ನ ತಕರಾರು ಇಲ್ಲ. ಅದು ನಿಜ ಆಗುತ್ತದೆ.

ಆ್ಯಪಿನ ಲೆಕ್ಕಕ್ಕೂ ಒಳಗೆ ಬೇರೆ ಬೇರೆ ಅಳತೆ ಇದೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಲೆಕ್ಕ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ ವಿಡಿಯೊ ಶುರುವಾದರೆ ಸಾಕು, ಒಂದು ವ್ಯೂ. ಬೆರಳಿಂದ ಮೇಲೆ ತಳ್ಳುತ್ತಾ ಹೋದವರೂ ನೋಡಿದವರೇ. ಬಿಲ್‌ಬೋರ್ಡ್‌ನವರು 2018ರಲ್ಲಿ ಒಂದು ನಿಯಮ ತಂದರು. ತಿಂಗಳಿಗೆ ದುಡ್ಡು ಕಟ್ಟಿ ಕೇಳುವವನದು ಒಂದು ಅಂಕ, ಜಾಹೀರಾತಿನ ಜೊತೆ ಪುಕ್ಕಟೆ ಕೇಳುವವನದು ಮೂರರಲ್ಲಿ ಎರಡು ಭಾಗ. ನಮ್ಮ ಊರಿನ ಹುಡುಗರು ಬಹಳಷ್ಟು ಪುಕ್ಕಟೆಯವರೇ. ಆ ಲೆಕ್ಕ ಇಲ್ಲಿಗೆ ತಂದರೆ ನಮ್ಮ ಮೂರು ಜನ ಸೇರಿ ಬೆಂಗಳೂರಿನ ಇಬ್ಬರಿಗೆ ಸಮ. ನಿಯಮ ನನಗೆ ಇಷ್ಟ ಇಲ್ಲ. ಆದರೆ ಅವರು ಅದನ್ನು ಮುಚ್ಚಿಡಲಿಲ್ಲ, ಅಚ್ಚು ಹಾಕಿದರು. ಹಾಗಾಗಿಯೇ ನಾನು ಕಲಬುರಗಿಯಲ್ಲಿ ಕೂತು ಇದು ಸರಿಯಲ್ಲ ಅಂತ ಹೇಳಲು ಆಗುತ್ತಿದೆ, ಅಲ್ವಾ?

‘24 ಗಂಟೆಯಲ್ಲಿ ಇಷ್ಟು ಕೋಟಿ ವ್ಯೂ’ ಅಂತ ನೀವು ಆಗಾಗ ಬರೆಯುತ್ತೀರಿ. 2019ರ ತನಕ ಕಂಪನಿಗಳು ಹಾಡನ್ನೇ ಜಾಹೀರಾತಾಗಿ ಓಡಿಸಿ, ಆ ನೋಟಗಳನ್ನೂ ದಾಖಲೆಗೆ ಸೇರಿಸಿಕೊಳ್ಳುತ್ತಿದ್ದವು. ಅಂದರೆ ನೋಟವನ್ನು ದುಡ್ಡು ಕೊಟ್ಟು ತರಿಸುವುದು. ಆ ವರ್ಷದ ಜುಲೈನಲ್ಲಿ ಒಂದು ಹಿಂದಿ ರ‍್ಯಾಪ್ ಹಾಡಿನ ದಾಖಲೆಯ ಬಗ್ಗೆ ದೊಡ್ಡ ಗಲಾಟೆ ಎದ್ದಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಸಂಗೀತ ಪಟ್ಟಿಗೂ 24 ಗಂಟೆಯ ದಾಖಲೆಗೂ ಜಾಹೀರಾತಿನ ನೋಟ ಸೇರಿಸುವುದಿಲ್ಲ ಅಂತ ಹೇಳಿತು. ವಿಡಿಯೊದ ಕೆಳಗೆ ಕಾಣುವ ಸಂಖ್ಯೆ ಬೇರೆ, ಪಟ್ಟಿಗೆ ಹಿಡಿಯುವ ಸಂಖ್ಯೆ ಬೇರೆ. ನಿಮ್ಮ ಪತ್ರಿಕೆ ಬರೆಯುವುದು ಯಾವುದನ್ನು?

ಪ್ರಶಸ್ತಿಯದ್ದೂ ಹೀಗೆಯೇ. ಬೆಂಗಳೂರಿನ ಸಂಗೀತಗಾರ ರಿಕ್ಕಿ ಕೇಜ್ ಅವರಿಗೆ 2015, 2022, 2023ರಲ್ಲಿ ಗ್ರ್ಯಾಮಿ ಬಂದಾಗ ನನಗೂ ಎದೆ ಉಬ್ಬಿತ್ತು. ಆದರೆ ಜನ ಅದನ್ನು ‘ಪ್ರಪಂಚದಲ್ಲೇ ನಂಬರ್ ಒನ್ ಹಾಡು’ ಅಂದುಕೊಂಡರು. ಗ್ರ್ಯಾಮಿಯಲ್ಲಿ ಮಾರಾಟ ನೋಡುವುದಿಲ್ಲ. ರೆಕಾರ್ಡಿಂಗ್ ಅಕಾಡೆಮಿಯ ಸದಸ್ಯರು, ಅಂದರೆ ಸಂಗೀತದ ಕೆಲಸ ಮಾಡುವವರೇ, ಒಂದೊಂದು ವಿಭಾಗಕ್ಕೆ ಮತ ಹಾಕುತ್ತಾರೆ. ಅದನ್ನು ಹೇಳಿದರೆ ಕೇಜ್ ಅವರ ಮರ್ಯಾದೆ ಕಡಿಮೆ ಆಗುವುದಿಲ್ಲ. ಕಸುಬಿನವರು ಒಪ್ಪಿದರು ಅನ್ನುವುದು ಸಣ್ಣ ಮಾತೇ? ಅಲ್ಲೂ ಕೆಲವು ವಿಭಾಗಗಳಿಗೆ ಗುಟ್ಟಿನ ಸಮಿತಿಗಳು ನಾಮನಿರ್ದೇಶನದ ಪಟ್ಟಿ ತಿದ್ದುತ್ತಿದ್ದವು. ಗಾಯಕರು ಗಲಾಟೆ ಮಾಡಿದ ಮೇಲೆ 2021ರಲ್ಲಿ ಅವುಗಳನ್ನು ತೆಗೆದರು.

ಈಗ ಕಾರಿನ ಮಾತು. ಹಾಡು ಕೆಟ್ಟದಿದ್ದರೆ ಬಂದ್ ಮಾಡಬಹುದು. ಕಾರಿಗೆ ಏಳು ವರ್ಷ ಕಂತು ಕಟ್ಟಬೇಕು. ಯಾದಗಿರಿಯಲ್ಲಿರುವ ನನ್ನ ತಂಗಿಯ ಮಗ ಬಾಡಿಗೆಗೆ ಕಾರು ಓಡಿಸುತ್ತಾನೆ. ಯಾದಗಿರಿಯಿಂದ ಕಲಬುರಗಿ, ಹೈದರಾಬಾದ್, ಕೆಲವೊಮ್ಮೆ ಬೀದರ್. ಕಾರು ಕೊಳ್ಳಲು ಹೋದಾಗ ಶೋರೂಮಿನ ಬಾಗಿಲಲ್ಲೇ ಪ್ರಶಸ್ತಿಯ ದೊಡ್ಡ ಬ್ಯಾನರ್. ಏನು ಕೇಳಿದರೂ ಉತ್ತರ ಒಂದೇ. “ಅವಾರ್ಡ್ ಬಂದದ್ರೀ ಅಣ್ಣಾ, ಇನ್ನೇನ್ ಬೇಕು?” ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಹಿಂದಿನ ಸೀಟಿಗೆ ಎ.ಸಿ. ಗಾಳಿ ತಲುಪುವುದಿಲ್ಲ ಅಂತ ಗಿರಾಕಿಗಳು ಬೈಯುತ್ತಾರೆ. ಸೇಡಂ, ವಾಡಿ ಕಡೆಯ ಸಿಮೆಂಟ್ ಧೂಳಿನಲ್ಲಿ ಫಿಲ್ಟರ್ ಬೇಗ ಕಟ್ಟುತ್ತದೆ. ಸರ್ವಿಸ್‌ಗೆ ಕಲಬುರಗಿಗೇ ಬರಬೇಕು, ಒಂದು ದಿನದ ಬಾಡಿಗೆ ಹೋಯಿತು. ಪ್ರಶಸ್ತಿ ಕೊಟ್ಟವರು ಇದನ್ನೆಲ್ಲ ನೋಡಿದ್ದರೇ ಅಂತ ಅವನು ನನ್ನನ್ನು ಕೇಳಿದ. ಅವನ ಸಲುವಾಗಿಯೇ ನಾನು ಹುಡುಕಿ ಓದಿದೆ.

ನಮ್ಮ ದೇಶದಲ್ಲಿ ‘ಇಂಡಿಯನ್ ಕಾರ್ ಆಫ್ ದಿ ಇಯರ್’ ಅಂತ ಇದೆ. ಮೊದಲ ಪ್ರಶಸ್ತಿ 2006ರಲ್ಲಿ, ಮಾರುತಿ ಸ್ವಿಫ್ಟ್‌ಗೆ. ಕೊಡುವವರು ಕಾರಿನ ಪತ್ರಿಕೆಗಳ ಪತ್ರಕರ್ತರು. ಯುರೋಪಿನಲ್ಲಿ ಇಂಥದ್ದು 1964ರಿಂದ ಇದೆ. ಅಲ್ಲಿ ಒಬ್ಬೊಬ್ಬ ತೀರ್ಪುಗಾರನ ಕೈಯಲ್ಲಿ 25 ಅಂಕ. ಕಡಿಮೆ ಅಂದರೆ ಐದು ಕಾರಿಗೆ ಹಂಚಬೇಕು, ಒಂದಕ್ಕೆ 10ಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ. ಯಾರು ಯಾವ ಕಾರಿಗೆ ಎಷ್ಟು ಕೊಟ್ಟರು, ಯಾಕೆ ಕೊಟ್ಟರು ಅಂತ ಹೆಸರಿನ ಸಮೇತ ಪ್ರಕಟಿಸುತ್ತಾರೆ. ಈ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು.

ತೀರ್ಪುಗಾರರು ಪ್ರಾಮಾಣಿಕರಾಗಿದ್ದರೂ ಬೆಲೆಗೆ ತಕ್ಕ ಮಾಲು ಇದೆಯೇ, ಓಡಿಸಲು ಹೇಗಿದೆ, ಸುರಕ್ಷತೆಗೆ ಏನೇನಿದೆ ಅಂತ ನೋಡಿ ಅಂಕ ಕೊಡುತ್ತಾರೆ, ಕಾರನ್ನು ಗುದ್ದಿಸಿ ನೋಡುವುದಿಲ್ಲ. ಪತ್ರಕರ್ತರಿಗೆ ಕಂಪನಿಯವರು ಓಡಿಸಲು ಕೊಡುವುದು ಸಾಮಾನ್ಯವಾಗಿ ಟಾಪ್ ಮಾಡೆಲ್. ನಮ್ಮಂಥವರು ಕೊಳ್ಳುವುದು ಕೆಳಗಿನ ಮಾಡೆಲ್. ಈ ಅಂತರ ಎಷ್ಟು ದೊಡ್ಡದು ಅಂತ 2014ರ ಜನವರಿಯಲ್ಲಿ ಗೊತ್ತಾಯಿತು. ಗ್ಲೋಬಲ್ ಎನ್‌ಸಿಎಪಿ ಎಂಬ ಸಂಸ್ಥೆ ಇಲ್ಲಿ ಮಾರುವ ಐದು ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾಡೆಲ್‌ಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ಐದಕ್ಕೂ ಸೊನ್ನೆ ಸ್ಟಾರ್. ಅದರಲ್ಲಿ ಹ್ಯುಂಡೈ ಐ10 ಇತ್ತು, ಅದು 2008ರ ‘ವರ್ಷದ ಕಾರು’. ಫೋರ್ಡ್ ಫಿಗೊ ಇತ್ತು, ಅದು 2011ರ ‘ವರ್ಷದ ಕಾರು’. ಆಗಿನ ಕಾನೂನಿನ ಪ್ರಕಾರ ಅವುಗಳಲ್ಲಿ ತಪ್ಪೇನೂ ಇರಲಿಲ್ಲ. ಚಾಲಕನ ಏರ್‌ಬ್ಯಾಗ್ ಎಲ್ಲ ಕಾರಿಗೂ ಕಡ್ಡಾಯ ಆದದ್ದೇ 2019ರ ಜುಲೈಯಲ್ಲಿ. ಪ್ರಶಸ್ತಿ ಅಳೆದದ್ದು ಒಂದು, ಗುದ್ದಿಸಿ ಅಳೆದದ್ದು ಇನ್ನೊಂದು. ಆದರೆ ಕೊಳ್ಳುವವನಿಗೆ ‘ವರ್ಷದ ಕಾರು’ ಅಂದರೆ ಎಲ್ಲದರಲ್ಲೂ ಮುಂದು ಅಂತಲೇ ಕೇಳಿಸುತ್ತದೆ. 2018ರ ಡಿಸೆಂಬರ್‌ನಲ್ಲಿ ಆ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದ ಮೊದಲ ಭಾರತದ ಕಾರು ಟಾಟಾ ನೆಕ್ಸಾನ್. ಅದಕ್ಕೆ ‘ವರ್ಷದ ಕಾರು’ ಸಿಕ್ಕಿರಲಿಲ್ಲ. ಫಿಗೊ ಮಾಡಿದ ಫೋರ್ಡ್ ಕಂಪನಿ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಬಿಡಿಭಾಗ ಸಿಗುತ್ತದೋ ಇಲ್ಲವೋ ಅಂತ ಚಿಂತೆ ಮಾಡಿದವರು ನಮ್ಮ ಓಣಿಯಲ್ಲೇ ಇದ್ದಾರೆ.

ಈಗ ನಮ್ಮದೇ ಸರ್ಕಾರದ, ಹೀಗೆ ಗುದ್ದಿಸಿ ನೋಡುವ ಪರೀಕ್ಷೆ ಭಾರತ್ ಎನ್‌ಸಿಎಪಿ ಬಂದಿದೆ, 2023ರ ಅಕ್ಟೋಬರ್ 1ರಿಂದ. ದೊಡ್ಡವರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ 49 ಅಂಕ, ಎರಡೂ ಬೇರೆ ಬೇರೆ. ಅಂಕಗಳು ಎಲ್ಲರೂ ನೋಡುವ ಹಾಗೆ ಇರುತ್ತವೆ. ಒಳ್ಳೆಯ ಕೆಲಸ. ಆದರೆ ಕಡ್ಡಾಯ ಅಲ್ಲ. ಕಂಪನಿಗೆ ಬೇಕಿದ್ದರೆ ಕಳಿಸುತ್ತದೆ. ‘ಈ ಕಾರು ಪರೀಕ್ಷೆಗೆ ಬಂದಿಲ್ಲ’ ಅನ್ನುವುದೂ ಒಂದು ಸುದ್ದಿ ಅಂತ ನಿಮ್ಮ ವರದಿಗಾರರಿಗೆ ಹೇಳಿ.

ಇನ್ನು ತಿಂಗಳ ಮೊದಲ ದಿನ ಬರುವ ‘ಮಾರಾಟದಲ್ಲಿ ನಂಬರ್ ಒನ್’. ಕಂಪನಿಗಳು ಆ ದಿನ ಕೊಡುವುದು ಬಹುಮಟ್ಟಿಗೆ ಕಾರ್ಖಾನೆಯಿಂದ ಡೀಲರ್‌ಗೆ ಹೋದ ಕಾರಿನ ಲೆಕ್ಕ. ಜನ ಕೊಂಡು ನಂಬರ್ ಪ್ಲೇಟ್ ಹಾಕಿಸಿದ ಲೆಕ್ಕ ಬೇರೆ. ಅದನ್ನು ಡೀಲರ್‌ಗಳ ಒಕ್ಕೂಟ ಎಫ್‌ಎಡಿಎ, ‘ವಾಹನ್’ ನೋಂದಣಿಯಿಂದ ತೆಗೆದು ಕೊಡುತ್ತದೆ. ಎರಡರ ನಡುವೆ ಎಷ್ಟು ವ್ಯತ್ಯಾಸ ಆಗಬಹುದು? 2024ರ ಆಗಸ್ಟ್‌ನಲ್ಲಿ ಡೀಲರ್‌ಗಳ ಹತ್ತಿರ 70ರಿಂದ 75 ದಿನಕ್ಕೆ ಆಗುವಷ್ಟು ಕಾರು ನಿಂತಿವೆ ಅಂತ ಆ ಒಕ್ಕೂಟವೇ ಹೇಳಿತ್ತು. ಪೇಪರಿನಲ್ಲಿ ‘ಮಾರಾಟವಾದ’ ಕಾರುಗಳು ಬಯಲಿನಲ್ಲಿ ಬಿಸಿಲು ಕಾಯುತ್ತಿದ್ದವು. ಎಫ್‌ಎಡಿಎ ಲೆಕ್ಕದಲ್ಲೂ ಹಲವು ವರ್ಷ ತೆಲಂಗಾಣ ಸೇರಿರಲಿಲ್ಲ. ಬೀದರಿನವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ಅವರ ರಸ್ತೆಯ ಅರ್ಧ ಕಾರು ಗಡಿಯಾಚೆಯವು.

ನಮ್ಮ ಎಪಿಎಂಸಿಯಲ್ಲಿ ತೊಗರಿ ಹರಾಜು ನೋಡಿದ್ದೀರಲ್ಲ. ಚೀಲ ಬಿಚ್ಚಿ ಎಲ್ಲರೆದುರು ಕಾಳು ಸುರಿಯುತ್ತಾರೆ. ತೇವಾಂಶದ ಯಂತ್ರ ಎಷ್ಟು ತೋರಿಸಿತು ಅಂತ ರೈತನೂ ಬಗ್ಗಿ ನೋಡುತ್ತಾನೆ. ಜಗಳ ಆಗುತ್ತದೆ, ಆದರೆ ಯಾವುದಕ್ಕೆ ಜಗಳ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಹಾಡಿನ ಪಟ್ಟಿಗೂ ಕಾರಿನ ಪ್ರಶಸ್ತಿಗೂ ನಾನು ಕೇಳುವುದು ಇಷ್ಟೇ. ಸುದ್ದಿಯ ಕೆಳಗೆ ಮೂರು ಸಾಲು ಹಾಕಿ. ಎಣಿಸಿದವರು ಅಥವಾ ಅಂಕ ಕೊಟ್ಟವರು ಯಾರು, ಎಣಿಸಿದ್ದು ಏನನ್ನು, ಖರ್ಚು ಕೊಟ್ಟವರು ಯಾರು. ಪ್ರಶಸ್ತಿ ಕೊಡುವವರು ನಿಮಗೆ ಜಾಹೀರಾತೂ ಕೊಡುತ್ತಿದ್ದರೆ ಅದನ್ನೂ ಬರೆಯಿರಿ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ 1936ರಿಂದ ಜಾಹೀರಾತು ತೆಗೆದುಕೊಳ್ಳದೆ ನಡೆದಿದೆ. ಪರೀಕ್ಷೆಯ ಕಾರನ್ನು ತಾನೇ ದುಡ್ಡು ಕೊಟ್ಟು ಕೊಳ್ಳುತ್ತದೆ. ಜಿಲ್ಲಾ ಆವೃತ್ತಿಯ ಪತ್ರಿಕೆಗೆ ಅಷ್ಟು ಆಗುವುದಿಲ್ಲ, ನನಗೆ ಗೊತ್ತು. ಮೂರು ಸಾಲಿಗೆ ಖರ್ಚಿಲ್ಲ.

ಇನ್ನೊಂದು ಕೆಲಸ ನೀವೇ ಮಾಡಬಹುದು. ಜೆ.ಡಿ. ಪವರ್ ಎಂಬ ಸಂಸ್ಥೆ ಅಮೆರಿಕದಲ್ಲಿ ಮಾಲೀಕರನ್ನೇ ಕೇಳಿ ಎರಡು ಸಮೀಕ್ಷೆ ಮಾಡುತ್ತದೆ. ಒಂದು, ಕೊಂಡ ಮೊದಲ 90 ದಿನದ ತೊಂದರೆ. ಇನ್ನೊಂದು, ಮೂರು ವರ್ಷ ಹಳೆಯ ಕಾರಿನ ತೊಂದರೆ. ನಮಗೆ ಬೇಕಾದದ್ದು ಎರಡನೆಯದು. ಮೂರು ವರ್ಷದ ಹಿಂದೆ ಪ್ರಶಸ್ತಿ ಪಡೆದ ಕಾರುಗಳನ್ನು ಕೆಎ-32, ಕೆಎ-33, ಕೆಎ-38 ನಂಬರಿನವರು ಈಗ ಹೇಗೆ ಓಡಿಸುತ್ತಿದ್ದಾರೆ ಅಂತ ಕೇಳಿ ಒಂದು ಪುಟ ಮಾಡಿ. ಎ.ಸಿ. ಹೇಗಿದೆ, ಸರ್ವಿಸ್ ಎಲ್ಲಿ, ಬಿಡಿಭಾಗಕ್ಕೆ ಎಷ್ಟು ದಿನ ಕಾಯಬೇಕು. ನನ್ನ ತಂಗಿಯ ಮಗ ಮೊದಲು ಮಾತಾಡುತ್ತಾನೆ. ಕಲಬುರಗಿ ರೈಲ್ವೆ ಸ್ಟೇಷನ್ ಮುಂದೆ ನಿಲ್ಲುವ ಟ್ಯಾಕ್ಸಿಯವರನ್ನು ನಾನು ಮಾತಾಡಿಸಿಕೊಡುತ್ತೇನೆ. ಮಧ್ಯಾಹ್ನದ ಗಾಡಿ ಹೋದ ಮೇಲೆ ನಿಮ್ಮ ವರದಿಗಾರರನ್ನು ಕಳಿಸಿ, ಆಗ ಅವರಿಗೆ ಬಿಡುವಿರುತ್ತದೆ.

ಇಂತಿ,
ಹಳೆಯ ಕ್ಯಾಸೆಟ್ ಅಂಗಡಿಯವ,
ಸೂಪರ್ ಮಾರ್ಕೆಟ್, ಕಲಬುರಗಿ